ಕಣ್ಣಿಗೆ ಕಟ್ಟದ ಮುಖ

ಮಾರ್ಚ್ 3, ಸೋಮವಾರ

ಇಂದಿನಿಂದ ಕೆಲಸ. ಮುಂಜಾವು ಹಾಲಿನಲ್ಲಿ ಮಿಂದೆದ್ದಂತಿತ್ತು. ರಸ್ತೆಯ ತುದಿಯಲ್ಲಿ ಆ ಕಟ್ಟಡ ಬಿಳಿಯ ಹಂಸದಂತೆ ಕುಳಿತಿತ್ತು. ಬರೆದ ಮೇಲೆ ಓದಿ ನೋಡಿದೆ, ಚೆನ್ನಾಗಿ ಬಂದಿದೆ ಅನ್ನಿಸಿತು.

ಅದು ಮಿದುಳಿನ ಸಂಶೋಧನೆ ಮಾಡುವ ಕಟ್ಟಡ. ನನಗೆ ಮೂರನೆಯ ಮಹಡಿಯಲ್ಲಿ ಪ್ರಿಂಟರಿನ ಪಕ್ಕ ಒಂದು ಮೇಜು, ಕಿವಿಗೆ ಹೆಡ್‌ಫೋನು, ಧ್ವನಿಯನ್ನು ನಿಲ್ಲಿಸಿ ಓಡಿಸಲು ಕಾಲಡಿಗೊಂದು ಪೆಡಲು ಕೊಟ್ಟಿದ್ದಾರೆ. ಇಲ್ಲಿ ಸ್ವಯಂಸೇವಕರಿಗೆ ಸೈಲೋಸಿಬಿನ್ ಎಂಬ ಮದ್ದನ್ನು ಅಳತೆ ಮಾಡಿ ಕೊಡುತ್ತಾರೆ. ಕೆಲವು ಜಾತಿಯ ಅಣಬೆಗಳಲ್ಲಿ ಇರುವ ವಸ್ತುವಂತೆ. ತಲೆಗೆ ಮಿದುಳಿನ ಅಲೆ ಅಳೆಯುವ ತಂತಿಗಳ ಟೋಪಿ ತೊಡಿಸಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿ ಮಲಗಿಸುತ್ತಾರೆ. ಕಣ್ಣು ಮುಚ್ಚಿದ್ದರೂ ಅವರಿಗೆ ಏನೇನೋ ಚಿತ್ರಗಳು ಕಾಣುತ್ತವೆ. ಅಮಲು ಇಳಿದ ಮೇಲೆ ಡಾಕ್ಟರ್ ಮೇಡಂ ಪಕ್ಕದಲ್ಲಿ ಕುಳಿತು "ಏನು ಕಂಡಿತು?" ಎಂದು ಕೇಳುತ್ತಾರೆ. ಅವರು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಟೈಪ್ ಮಾಡುವುದು ನನ್ನ ಕೆಲಸ.

ಯಂತ್ರಗಳನ್ನು ನೋಡಿಕೊಳ್ಳುವವರನ್ನು ಇಲ್ಲಿ ಎಲ್ಲರೂ ಮಾಮ ಅನ್ನುತ್ತಾರೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾಹಿತ್ಯ ಓದಿದವಳಾ? ಹಾಗಾದ್ರೆ ಇವತ್ತಿಂದ ನಿನ್ನ ಹೆಸರು ಕವಿ" ಅಂದರು.

"ನಾನು ಬರೆಯಲ್ಲ ಮಾಮ."

"ಬರೆಯದೆ ಇರೋ ಕವಿಗಳೇ ವಾಸಿ ಬಿಡು."

ಎಲ್ಲರೂ ನಕ್ಕರು. ನನಗೆ ಎತ್ತ ನೋಡುವುದೆಂದು ತಿಳಿಯದೆ ಪ್ರಿಂಟರಿಗೆ ಕಾಗದ ತುಂಬಿದೆ. ಅದರಲ್ಲಿ ಆಗಲೇ ಕಾಗದವಿತ್ತು.

ಮಾರ್ಚ್ 6, ಗುರುವಾರ

ಏಳನೆಯ ಸ್ವಯಂಸೇವಕನ ಧ್ವನಿ ಒರಟು, ಆದರೆ ಹೇಳುತ್ತ ಹೇಳುತ್ತ ಮಗುವಿನಂತಾಗುತ್ತದೆ. "ಜೇನುಗೂಡು... ನೀಲಿ. ಇಲ್ಲ, ಹಸಿರು. ಒಂದೊಂದು ಗೂಡೂ ತಿರುಗ್ತಿದೆ." ಹನ್ನೊಂದನೆಯವಳಿಗೆ ಮೆಟ್ಟಿಲುಗಳು, ಮೆಟ್ಟಿಲ ಕೆಳಗೆ ಬೆನ್ನು ತಿರುಗಿಸಿ ನಿಂತ ಅವಳ ಅಜ್ಜ. ಅವಳು ಅಳುತ್ತಾಳೆ. ಅಳುವನ್ನು ಹೇಗೆ ಟೈಪ್ ಮಾಡಬೇಕೆಂದು ಕೇಳಿದೆ. "ಅಳು ಅಂತ ಹಾಕು, ಕವಿ, ಉಪಮೆ ಹಾಕಬೇಡ" ಅಂದರು ಮಾಮ.

ಊಟದ ಹೊತ್ತಿನಲ್ಲಿ ಅವರೇ ಬಿಡಿಸಿ ಹೇಳಿದರು. "ನೋಡೋ ಕೆಲಸ ಕಣ್ಣಿಂದಲ್ಲ, ತಲೆ ಹಿಂಭಾಗದ್ದು. ಕಣ್ಣು ಬರೀ ಸಾಮಾನು ತಂದುಹಾಕೋ ಕೂಲಿ. ಕಣ್ಣು ಮುಚ್ಚಿದ್ರೆ ಹಿಂದೆ ಒಂದು ಥರ ನಿಧಾನದ ಅಲೆ ಶುರುವಾಗುತ್ತೆ, ಅಂಗಡಿ ಶಟರ್ ಎಳೆದ ಹಾಗೆ. ಈ ಮದ್ದು ತಗೊಂಡ್ರೆ ಆ ಅಲೆ ಕುಗ್ಗುತ್ತೆ. ಹೊರಗಿಂದ ಸಾಮಾನು ಬಂದಿಲ್ಲ, ಆದ್ರೂ ಒಳಗೆ ವ್ಯಾಪಾರ ಜೋರು."

"ಮತ್ತೆ ಸಾಮಾನು ಎಲ್ಲಿಂದ ಬರುತ್ತೆ?"

"ನೆನಪಿನಿಂದಲೋ, ಹೆದರಿಕೆಯಿಂದಲೋ, ಆಸೆಯಿಂದಲೋ. ಅದು ಗೊತ್ತಾಗದೇ ತಾನೇ ಮೇಡಂ ತಲೆ ಕೆಡಿಸ್ಕೊಂಡಿರೋದು."

ಮಾರ್ಚ್ 14, ಶುಕ್ರವಾರ

ಇದನ್ನು ಬರೆಯಲು ಕೈ ಬರುತ್ತಿಲ್ಲ.

ಹೊಸ ಪ್ರಶ್ನಾವಳಿಯ ಭಾಷೆ ತಿದ್ದಲು ನನಗೆ ಕೊಟ್ಟಿದ್ದರು. ಮೊದಲ ಪ್ರಶ್ನೆ: "ಕಣ್ಣು ಮುಚ್ಚಿ ಒಂದು ಸೇಬನ್ನು ಕಲ್ಪಿಸಿಕೊಳ್ಳಿ. ಅದು ನಿಮಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ?" ನಾನು 'ಕಾಣುತ್ತದೆ' ಎಂಬುದಕ್ಕೆ ಗೆರೆ ಎಳೆದು, 'ನೆನಪಾಗುತ್ತದೆ ಎಂದಿರಬೇಕೆ?' ಎಂದು ಬರೆದೆ. ಕಣ್ಣು ಮುಚ್ಚಿದರೆ ಯಾರಿಗಾದರೂ ಸೇಬು ಹೇಗೆ ಕಾಣುತ್ತದೆ?

ಮೇಡಂ ಕಾಗದ ಹಿಡಿದು ನನ್ನ ಮೇಜಿಗೇ ಬಂದರು. "ನಿನಗೆ ಕಾಣಲ್ವಾ?"

"ಯಾರಿಗೂ ಕಾಣಲ್ಲ ಅಲ್ವಾ ಮೇಡಂ?"

ಮಾಮ ಕುಡಿಯುತ್ತಿದ್ದ ಲೋಟ ಕೆಳಗಿಟ್ಟರು. "ನನಗೆ ಕಾಣುತ್ತೆ. ಕೆಂಪಗೆ. ಒಂದು ಕಡೆ ಕಚ್ಚಿದೆ." ಬಾಗಿಲಲ್ಲಿದ್ದ ನರ್ಸಿಗೂ ಕಾಣುತ್ತದೆ. ಅವರದು ಹಸಿರು ಸೇಬು, ಪಿಂಗಾಣಿ ತಟ್ಟೆಯಲ್ಲಿದೆ.

ನನ್ನ ವಯಸ್ಸಿಗೆ ಇದು ಗೊತ್ತಾಗುವುದೆಂದರೆ! 'ಕಣ್ಣಿಗೆ ಕಟ್ಟಿದ ಹಾಗೆ' ಎಂಬುದನ್ನು ಮಾತಿನ ಒಂದು ವರಸೆ ಎಂದೇ ತಿಳಿದಿದ್ದೆ. ಕವಿತೆಯ ಚಿತ್ರಕ ಶಕ್ತಿಯ ಬಗ್ಗೆ ಪ್ರಬಂಧ ಬರೆದು ಕಾಲೇಜಿನಲ್ಲಿ ಪದಕ ತೆಗೆದುಕೊಂಡವಳು ನಾನು. ಉಳಿದವರೆಲ್ಲ ನಿಜವಾಗಿ ಏನನ್ನೋ ನೋಡುತ್ತ ಓದುತ್ತಿದ್ದರು. ನಾನು ಅವರ ಮಾತುಗಳನ್ನು ಸಂಗ್ರಹಿಸಿ ಜೋಡಿಸುತ್ತಿದ್ದೆ. ಈ ಡೈರಿಯ ಮೊದಲ ದಿನದ ಆ ಹಂಸ! ನಾನು ಹಂಸವನ್ನು ನೋಡಿದ್ದೇನೆಯೇ?

ಮನೆಗೆ ಬಂದಾಗ ಅಕ್ಕ ಮಗಳು ಪುಟ್ಟಿಗೆ ಊಟ ಮಾಡಿಸುತ್ತಿದ್ದಳು. ಗೋಡೆಯ ಮೇಲೆ ಅಮ್ಮನ ಫೋಟೋ. ಅಕ್ಕ ಆಗಾಗ ಹೇಳುತ್ತಾಳೆ, ಕಣ್ಣು ಮುಚ್ಚಿದರೆ ಸಾಕು ಅಮ್ಮ ಎದುರಿಗೇ ಬಂದು ನಿಲ್ಲುತ್ತಾಳೆ, ನಿನಗೆ ಹಾಗಾಗಲ್ವೇನೇ ಎಂದು. ಆಗುತ್ತೆ ಅನ್ನುತ್ತೇನೆ. ಅಮ್ಮ ಹೋದಾಗಿನಿಂದ ಹಾಗೇ ಅನ್ನುತ್ತ ಬಂದಿದ್ದೇನೆ. ನನಗೆ ಎಂದೂ ಏನೂ ಕಂಡಿಲ್ಲ. ಅಷ್ಟು ಪ್ರೀತಿ ಇಲ್ಲದ್ದಕ್ಕೇ ಕಾಣುವುದಿಲ್ಲ ಎಂದುಕೊಂಡಿದ್ದೆ.

ಮಾರ್ಚ್ 27, ಗುರುವಾರ

ಮೇಡಂ ಕೋಣೆಗೆ ಕರೆದರು. ಮನಸ್ಸಿನಲ್ಲಿ ಚಿತ್ರ ಮೂಡದವರಿಗೆ ಮದ್ದು ಕೊಟ್ಟರೆ ಏನಾಗುತ್ತದೆ ಎಂಬುದು ಅವರ ಬಹುಕಾಲದ ಪ್ರಶ್ನೆ. ಅಂಥವರು ಸಿಗುವುದೇ ಅಪರೂಪವಂತೆ. ನಾನು ಹೊರಗಿನ ಏಜೆನ್ಸಿಯವಳಾದ್ದರಿಂದ ಇಲ್ಲಿನ ನೌಕರರಿಗೆ ಮದ್ದು ಕೊಡಬಾರದೆಂಬ ನಿಯಮ ಅಡ್ಡ ಬರುವುದಿಲ್ಲ.

"ಬಲವಂತ ಇಲ್ಲ. ಯೋಚನೆ ಮಾಡಿ ಹೇಳು" ಅಂದರು. ಆದರೆ ಹೇಳುವಾಗ ಅವರ ಕೈಯಲ್ಲಿ ಪೆನ್ನಿನ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು ನಡೆಯುತ್ತಿತ್ತು.

ಹೂಂ ಅಂದೆ. ಎದುರಿಗಿರುವವರು ಅಷ್ಟು ಆಸೆಯಿಂದ ನೋಡುತ್ತಿದ್ದರೆ ನನಗೆ ಉಹೂಂ ಅನ್ನಲು ಬರುವುದಿಲ್ಲ. ಅಲ್ಲದೆ ಅಮ್ಮನ ಮುಖ ಒಂದು ಸಲ ಕಂಡರೆ ಸಾಕು ಎಂಬ ದುರಾಸೆಯೂ ಇತ್ತು.

ಏಪ್ರಿಲ್ 2, ಬುಧವಾರ

ಆಯಿತು. ಬರೆಯಲಾರೆ.

ಏಪ್ರಿಲ್ 3, ಗುರುವಾರ

ಯಾರಿಗೂ ಹೇಳುವಂತಿಲ್ಲ, ಇಲ್ಲಾದರೂ ಬರೆಯುತ್ತೇನೆ.

ಕೋಣೆಯಲ್ಲಿ ಒಂದು ಮಂಚ, ಒಂದು ಮೇಜುದೀಪ, ಎರಡು ಕುರ್ಚಿ. ಟೋಪಿಯ ಒಂದೊಂದೇ ತೂತಿನ ಮೂಲಕ ನರ್ಸ್ ತಣ್ಣನೆಯ ಲೇಪ ಹಚ್ಚಿದರು. ಕೂದಲೆಲ್ಲ ಒದ್ದೆ. ಮಾತ್ರೆ ನುಂಗಿ ಮಲಗಿದೆ. ಕಪ್ಪು ಪಟ್ಟಿಯ ಒಳಗೆ ಕತ್ತಲೆ. ನಾನು ಕಾದೆ. ಜೇನುಗೂಡು ಬರಲಿ ಎಂದು ಕಾದೆ, ಮೆಟ್ಟಿಲು ಬರಲಿ ಎಂದು ಕಾದೆ. ಬರಲಿಲ್ಲ.

ಬಂದದ್ದು ಬೇರೆ. ಮೊದಲು ನನ್ನ ಉಸಿರು ಅಗಲವಾಯಿತು, ಅದರಲ್ಲಿ ನಡೆದಾಡಬಹುದು ಅನ್ನುವಷ್ಟು. ಆಮೇಲೆ ಒದ್ದೆ ತಲೆಯ ಮೇಲೆ ಒಂದು ಒರಟು ಟವೆಲು ಬಿತ್ತು. ನನ್ನ ಬೆನ್ನಿಗೆ ಎರಡು ಮೊಣಕಾಲು ತಾಗಿದವು. ಟವೆಲಿನೊಳಗಿಂದ ಎರಡು ಕೈ ನನ್ನ ತಲೆಯನ್ನು ಗಸಗಸ ಉಜ್ಜತೊಡಗಿದವು. ಕಿವಿ ಬಿಸಿಯಾಯಿತು. ಸೋಪಿನ ವಾಸನೆ. "ತಲೆ ಬಗ್ಗಿಸು" ಎಂಬ ಅಮ್ಮನ ಧ್ವನಿ, ಆ 'ಸು'ವನ್ನು ಸ್ವಲ್ಪ ಎಳೆದು, ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು ಹೇಳಿದ ಹಾಗೆ. ಮತ್ತೆ ಮತ್ತೆ. ಏನೂ ಕಾಣುತ್ತಿರಲಿಲ್ಲ, ಒಂದು ಚುಕ್ಕಿಯೂ ಇಲ್ಲ. ಆದರೆ ಆ ಕತ್ತಲೆ ಪೂರ್ತಿ ಅಮ್ಮ ಇದ್ದಳು. ನಾನು ಅತ್ತೆನಂತೆ, ನರ್ಸ್ ಆಮೇಲೆ ಹೇಳಿದರು.

ಅಮಲು ಇಳಿಯಿತು. ಮೇಡಂ ಬೆಳಗಿನಿಂದ ಆ ಕುರ್ಚಿ ಬಿಟ್ಟು ಕದಲಿರಲಿಲ್ಲ. ಮುಂದೆ ಬಾಗಿ, ಮೆಲ್ಲಗೆ, "ಏನು ಕಂಡಿತು?" ಎಂದು ಕೇಳಿದರು.

'ಏನೂ ಇಲ್ಲ' ಎನ್ನಲು ಬಾಯಿ ತೆರೆದೆ. ಅವರ ಮುಖ ನೋಡಿದೆ. "ಜೇನುಗೂಡು" ಅಂದೆ.

ಮೇಡಂ ಕೈಯ ಪೆನ್ನು ಓಡತೊಡಗಿತು. ಆಮೇಲೆ ನಿಲ್ಲಿಸುವುದು ಆಗಲಿಲ್ಲ. ಏಳನೆಯವನ ನೀಲಿ, ಹನ್ನೊಂದನೆಯವಳ ಮೆಟ್ಟಿಲು, ಇನ್ಯಾರದೋ ಬಾಗಿಲು. ವಾರಗಟ್ಟಲೆ ಟೈಪ್ ಮಾಡಿದ್ದೆನಲ್ಲ, ಬಾಯಿಪಾಠವಾಗಿತ್ತು. "ಕೊನೆಗೆ?" ಅಂದರು. ಕೊನೆಗೆ ಅಮ್ಮನ ಮುಖ ಅಂದೆ. ಹೇಗಿತ್ತು ಅಂದರು. ಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಏನಿದೆ ಎಂದು ಗೊತ್ತಿತ್ತು, ಅದನ್ನೇ ಹೇಳಿದೆ. ಮೇಡಂ ಕಣ್ಣು ಒರೆಸಿಕೊಂಡರು.

ಅಮ್ಮನನ್ನು ಮಾರಿಕೊಂಡ ಹಾಗಾಯಿತು.

ಏಪ್ರಿಲ್ 11, ಶುಕ್ರವಾರ

ನಾನು ಹೇಳಿದ್ದು ಬೇರೆಯವರು ಕಂಡದ್ದಕ್ಕೆ ಅಷ್ಟು ಚೆನ್ನಾಗಿ ಹೊಂದುತ್ತದೆಯಂತೆ! ಮೇಡಂ ಕುಣಿದಾಡುವುದೊಂದು ಬಾಕಿ. "ಚಿತ್ರಗಳ ಅನುಭವವೇ ಇಲ್ಲದ ಮಿದುಳೂ ಅದೇ ಆಕಾರಗಳನ್ನ ಕಟ್ಟಿದೆ ಅಂದ್ರೆ, ಅವು ಕಲಿತು ಬಂದವಲ್ಲ, ಒಳಗೇ ಇದ್ದವು!" ಅಂದರು. ಮಿದುಳಿನ ಅಲೆಗಳೂ ಎಲ್ಲರಲ್ಲಿ ಕುಗ್ಗಿದ ಹಾಗೇ ಕುಗ್ಗಿವೆ. ಮದ್ದು ತನ್ನ ಕೆಲಸ ಮಾಡಿದೆ. ಸುಳ್ಳು ನನ್ನೊಬ್ಬಳದೇ.

ಮಾಮ ಮಾತ್ರ ಆಕಳಿಸಿದರು. "ಎಲ್ರೂ ಜೇನುಗೂಡೇ ನೋಡ್ತಾರಪ್ಪ. ಯಾರಾದ್ರೂ ಒಬ್ರು ಎಮ್ಮೆ ನೋಡಬಾರದಾ?"

ನಾನು ನಗಲಿಲ್ಲ. ಅವರು ನನ್ನನ್ನು ಒಂದು ಕ್ಷಣ ಹೆಚ್ಚಾಗಿ ನೋಡಿದರು ಅನ್ನಿಸಿತು.

ಏಪ್ರಿಲ್ 15, ಮಂಗಳವಾರ

ಇಂದು ಒಬ್ಬರು ಬಂದಿದ್ದರು. ಟ್ಯಾಕ್ಸಿ ಓಡಿಸುತ್ತಿದ್ದವರು. ಕಣ್ಣಿನ ಕಾಯಿಲೆಯಿಂದ ಈಗ ಬಿಟ್ಟಿದ್ದಾರೆ. ನೋಟ ಸುತ್ತಲಿಂದ ಕಿರಿದಾಗುತ್ತ ಬಂದು, ಈಗ ಕೊಳವೆಯಲ್ಲಿ ಇಣುಕಿದಷ್ಟೇ ಕಾಣುತ್ತದೆ. ಅದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಅವರಿಗೂ ನನ್ನ ಹಾಗೇ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ. ಜೊತೆಗೆ ಹೆಂಡತಿ ಬಂದಿದ್ದರು.

"ನೀನೂ ನಮ್ಮ ಪೈಕಿನೇ ಅಂತೆ ಅಲ್ವಾಮ್ಮಾ! ನಿನಗೆ ಕಾಣ್ತಂತೆ?" ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ನನ್ನ ಮುಖವನ್ನು ಹುಡುಕಲು ತಲೆಯನ್ನು ಅತ್ತಿತ್ತ ಆಡಿಸಿ, ಸಿಕ್ಕ ಮೇಲೆ ನಿಲ್ಲಿಸಿದರು. "ನೋಡು, ಹೊರಗಿನ ಕಿಟಕಿ ಮುಚ್ತಾ ಇದೆ. ಒಳಗೊಂದು ಕಿಟಕಿ ತೆರೆದ್ರೆ ನನಗೆ ಇವಳ ಮುಖ ಒಂದು ಉಳಿಯುತ್ತೆ. ಅಷ್ಟೇ ನನ್ನ ಆಸೆ."

"ಇಷ್ಟು ವರ್ಷ ಮುಖ ಕೊಟ್ಟು ಮಾತಾಡಿದ್ದಿಲ್ಲ, ಈಗ ಮುಖ ಬೇಕಂತೆ" ಅಂದರು ಹೆಂಡತಿ. ಆದರೆ ಗಂಡನ ಶರಟಿನ ಕಾಲರು ಸರಿಮಾಡಿದರು.

"ಇವಳು ಹೀಗೇ. ಹೇಳಮ್ಮಾ, ಹೇಗಿತ್ತು?"

ಮೇಡಂ ಅಲ್ಲೇ ಇದ್ದರು. "ಎಲ್ಲರಿಗೂ ಆಗುತ್ತೆ ಅಂತ ಖಾತ್ರಿ ಇಲ್ಲ, ಅದನ್ನ ಇವರಿಗೆ ಹೇಳಿದೀನಿ" ಅಂದರು. ಟ್ಯಾಕ್ಸಿಯವರು ಆ ಮಾತನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದರು.

ಹೇಳಿದೆ. ಎಲ್ಲವನ್ನೂ ಹೇಳಿದೆ, ಅಮ್ಮನ ಮುಖದವರೆಗೆ. ಎರಡನೆಯ ಸಲ ಇನ್ನೂ ಸಲೀಸಾಗಿ ಬಂತು.

ಏಪ್ರಿಲ್ 16, ಬುಧವಾರ

ಅಕ್ಕ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಯಾರದೋ ವಿಷಯ ಎನ್ನುವ ಹಾಗೆ ಅವಳನ್ನು ಕೇಳಿದೆ. ಟ್ಯಾಕ್ಸಿಯವರು ಕಣ್ಣಿನ ಸುದ್ದಿ ಕೇಳಿದಂದಿನಿಂದ ಮನಸ್ಸು ಕುಗ್ಗದಿರಲು ಒಂದು ಮಾತ್ರೆ ನುಂಗುತ್ತಿದ್ದಾರೆ. ಆ ಮಾತ್ರೆ ಇದ್ದರೆ ಇಲ್ಲಿನ ಮದ್ದು ಸರಿಯಾಗಿ ಹತ್ತುವುದಿಲ್ಲ, ಆದ್ದರಿಂದ ಅವರ ಡಾಕ್ಟರನ್ನು ಕೇಳಿ ಹಂತಹಂತವಾಗಿ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಕೆಲವು ವಾರ ಕಾಯಬೇಕು ಎಂದು ಮೇಡಂ ಹೇಳಿದ್ದಾರೆ.

"ಅಂಥ ಮಾತ್ರೆ ನಿಲ್ಲಿಸೋದು ಅಂದ್ರೆ ಆಟ ಅಲ್ಲ ಕಣೇ" ಅಂದಳು ಅಕ್ಕ. "ಊರುಗೋಲು ಕಿತ್ಕೊಂಡ ಹಾಗೆ. ಅವರಿಗೇನು ಅಷ್ಟು ಅವಸರ?"

ಭಾವ ಟಿವಿಯಿಂದ ಕಣ್ಣು ತೆಗೆಯದೆ, "ಇವಳ ಆಫೀಸಲ್ಲಿ ಎಲ್ಲರಿಗೂ ಹುಚ್ಚು" ಅಂದರು.

ಏಪ್ರಿಲ್ 29, ಮಂಗಳವಾರ

ಟ್ಯಾಕ್ಸಿಯವರು ತಪಾಸಣೆಗೆ ಬಂದಿದ್ದರು. ಮಾತ್ರೆ ಪೂರ್ತಿ ನಿಂತಿದೆ. ತೂಕ ಇಳಿದಿದೆ. ಮೊದಲಿನ ಹಾಗೆ ಕುರ್ಚಿ ಎಳೆದುಕೊಳ್ಳಲಿಲ್ಲ. ಅವರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ನಾನು ಪ್ರಿಂಟರಿನ ಹಿಂದೆ ಬಗ್ಗಿ ತಂತಿ ಸರಿಮಾಡುವ ನಾಟಕ ಮಾಡಿದೆ. ಅವರಿಗೆ ಹೇಗೂ ಪಕ್ಕಕ್ಕಿರುವುದು ಕಾಣುವುದಿಲ್ಲ ಎಂಬುದು ಬಗ್ಗಿದ ಮೇಲೆ ಹೊಳೆಯಿತು. ಕಾಣದವರಿಂದ ಬಚ್ಚಿಟ್ಟುಕೊಂಡೆ.

ಮೇ 6, ಮಂಗಳವಾರ

ಟ್ಯಾಕ್ಸಿಯವರ ಹೆಂಡತಿ ಒಬ್ಬರೇ ಬಂದಿದ್ದರು. ಮೇಡಂ ಇರಲಿಲ್ಲ. ನನ್ನ ಮೇಜಿನ ಪಕ್ಕ ನಿಂತೇ ಮಾತಾಡಿದರು.

"ಸ್ನಾನ ಇಲ್ಲ, ಊಟ ಇಲ್ಲ. ಗೋಡೆ ಕಡೆ ಮುಖ ಹಾಕಿ ಕೂತಿರ್ತಾರೆ. ಮೊನ್ನೆ ನಾನು ಅಂಗಡಿಗೆ ಹೋಗಿ ಬರೋದ್ರೊಳಗೆ ಕಾರಿನ ಕೀ ತಗೊಂಡು ಹೋಗಿದಾರೆ. ಆ ಕಣ್ಣಲ್ಲಿ! ರಸ್ತೆ ತಿರುವಿನ ಗೋಡೆಗೆ ಉಜ್ಜಿ ನಿಂತಿತ್ತು ಕಾರು. ಎಲ್ಲಿಗೆ ಹೊರಟಿದ್ರಿ ಅಂದ್ರೆ, ಎಲ್ಲಿಗಾದ್ರೂ ಅಂದ್ರು."

ನನ್ನ ಕಾಲು ಪೆಡಲಿನ ಮೇಲೆಯೇ ಇತ್ತು. ಹೆಡ್‌ಫೋನಿನಲ್ಲಿ ಯಾರದೋ ಧ್ವನಿ ಸಣ್ಣಗೆ ಓಡುತ್ತಿತ್ತು.

"ನೀನು ಹೇಳಮ್ಮಾ. ನೀನೂ ಹೆಣ್ಣುಮಗಳು, ನಿನ್ನ ಮಾತು ನಂಬ್ತೀನಿ. ನಿಜವಾಗ್ಲೂ ಕಾಣುತ್ತಾ? ಕಾಣುತ್ತೆ ಅಂದ್ರೆ ಇನ್ನೊಂದಿಷ್ಟು ದಿನ ಹಲ್ಲು ಕಚ್ಚಿ ತಡ್ಕೋತೀನಿ."

ನಾನು ತಲೆಯಾಡಿಸಿದೆ.

ಹೌದು ಎಂದು ತಲೆಯಾಡಿಸಿದೆ. ಅವರು ನನ್ನ ಭುಜ ತಟ್ಟಿ ಹೋದರು.

ಮೇ 7, ಬುಧವಾರ

ಕೆಲಸಕ್ಕೆ ಹೋಗಲಿಲ್ಲ. ಅಕ್ಕನಿಗೆ ಇಂದು ರಜೆ. ಅಡುಗೆಮನೆಯ ಕಟ್ಟೆಯ ಮೇಲೆ ತರಕಾರಿ ಹೆಚ್ಚುತ್ತಿದ್ದಳು. "ಜ್ವರಾನಾ?" ಎಂದು ಹಣೆ ಮುಟ್ಟಿದಳು. ಅವಳ ಕೈಗೆ ಈರುಳ್ಳಿಯ ಘಾಟು ಇತ್ತು.

ಹೇಳಿಬಿಟ್ಟೆ. ಮೊದಲು ಮದ್ದು ತೆಗೆದುಕೊಂಡದ್ದು, ಆಮೇಲೆ ಸುಳ್ಳು, ಆಮೇಲೆ ಎಲ್ಲಕ್ಕಿಂತ ಕೆಳಗಿದ್ದದ್ದು: "ನನಗೆ ಅಮ್ಮನ ಮುಖ ಕಾಣಲ್ಲ ಕಣೇ. ಯಾವತ್ತೂ ಕಂಡಿಲ್ಲ. ಕಾಣುತ್ತೆ ಅಂತ ನಿನ್ನ ಹತ್ರ ಸುಳ್ಳು ಹೇಳ್ತಿದ್ದೆ."

ಅಕ್ಕ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಚಾಕು ಕೆಳಗಿಟ್ಟಳು. "ಮತ್ತೆ ಆವತ್ತು ಏನಾಯ್ತು?"

ಟವೆಲು, ಮೊಣಕಾಲು, ಕಿವಿ ಬಿಸಿಯಾದದ್ದು ಹೇಳಿದೆ. ಅಮ್ಮ ಹೇಳಿದ ಮಾತನ್ನು ಅಮ್ಮ ಹೇಳಿದ ಹಾಗೇ ಹೇಳಿ ತೋರಿಸಿದೆ.

ಅಕ್ಕನ ಮುಖ ಒಂಥರಾ ಆಯಿತು. "ಇನ್ನೊಂದ್ಸಲ ಹೇಳು" ಅಂದಳು.

ಹೇಳಿದೆ.

"ನನಗೆ ಅವಳ ಧ್ವನಿ ಹೋಗ್ಬಿಟ್ಟಿತ್ತು ಕಣೇ. ಎಷ್ಟೋ ವರ್ಷ ಆಯ್ತು." ಅವಳು ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟು ಸುಮ್ಮನೆ ಕೈ ತೊಳೆಯುತ್ತ ನಿಂತಳು. ಆಮೇಲೆ ಬೆನ್ನು ಹಾಕಿಕೊಂಡೇ ಗದರಿದಳು. "ಆ ಮನುಷ್ಯನ ಹೆಂಡತಿಗೆ ಹೌದು ಅಂತ ತಲೆ ಆಡಿಸಿ ಬಂದು ಇಲ್ಲಿ ಕೂತಿದೀಯಲ್ಲ, ನಾಚಿಕೆ ಆಗಲ್ವಾ ನಿನಗೆ? ನಾಳೆ ಬೆಳಿಗ್ಗೆ ಮೊದಲು ಹೋಗು."

ಆಗುತ್ತೆ ಅಂದೆ. ನಾಚಿಕೆ ಬಿಟ್ಟು ಬೇರೇನೂ ಆಗುತ್ತಿಲ್ಲ.

ಮೇ 8, ಗುರುವಾರ

ಮೇಡಂ ಕೇಳಿಸಿಕೊಂಡರು. ನಾನು ಕುಳಿತುಕೊಳ್ಳಲಿಲ್ಲ, ಅವರೂ ಕೂತ್ಕೋ ಅನ್ನಲಿಲ್ಲ.

"ಎಲ್ಲಾ ಸುಳ್ಳಾ?"

"ಎಲ್ಲಾ ಮೇಡಂ."

"ಅಮ್ಮನ ಮುಖ?"

"ಅದು ಫೋಟೋ."

ಪೆನ್ನಿನ ಮುಚ್ಚಳ ಹಾಕಿದರು. ಮತ್ತೆ ತೆಗೆಯಲಿಲ್ಲ. "ಏನೂ ಕಾಣಲಿಲ್ಲ ಅಂದಿದ್ರೆ ಅದೂ ಒಂದು ಉತ್ತರ ಆಗ್ತಿತ್ತು. ನಿನ್ನ ಟವೆಲೂ ಉತ್ತರವೇ ಆಗಿತ್ತು. ಆವತ್ತು ಹೇಳಿದ್ದಿದ್ರೆ. ಈಗ ನೀನು ಹೇಳೋದನ್ನ ನಾನು ಯಾವ ಮುಖ ಇಟ್ಕೊಂಡು ಬರ್ಕೊಳ್ಲಿ?" ಆಮೇಲೆ, ನನಗಲ್ಲ ಎನ್ನುವ ಹಾಗೆ, "ನಾನೂ 'ಏನು ಕಂಡಿತು' ಅಂತಲೇ ಕೇಳಿದೆ. 'ಏನಾಯಿತು' ಅಂತ ಕೇಳಲಿಲ್ಲ" ಅಂದರು.

ಟ್ಯಾಕ್ಸಿಯವರ ಡಾಕ್ಟರಿಗೆ ನನ್ನೆದುರಿಗೇ ಫೋನ್ ಮಾಡಿದರು. ಮಾತ್ರೆ ಇವತ್ತಿನಿಂದಲೇ ಮತ್ತೆ ಶುರು ಮಾಡುವ ಮಾತಾಯಿತು. ಫೋನ್ ಇಟ್ಟು, "ಅವರಿಗೆ ನಾನೇ ಹೇಳ್ತೀನಿ. ನೀನು ನಾಳೆಯಿಂದ ಬರಬೇಡ" ಅಂದರು.

"ಅವರಿಗೆ ನಾನೇ ಹೇಳ್ಬೇಕು ಮೇಡಂ."

"ಧೈರ್ಯ ಇದೆಯಾ?"

"ಇಲ್ಲ."

"ಹೋಗು."

ಕೆಳಗೆ ಮಾಮ ಕಾಯುತ್ತಿದ್ದರು. ಮೇಡಂ ಫೋನಿನಲ್ಲಿ ಆಡಿದ್ದು ಕಿವಿಗೆ ಬಿದ್ದು ಅವರಿಗೆ ಎಲ್ಲವೂ ಗೊತ್ತಾಗಿತ್ತು. "ಎಮ್ಮೆ ಅಂದಿದ್ರೆ ಯಾರದಕ್ಕೂ ಹೊಂದದೆ ಅವತ್ತೇ ಸಿಕ್ಕಿಬೀಳ್ತಿದ್ದೆ, ಕವಿ" ಅಂದರು. ತಮಾಷೆ ಮಾಡುವ ಮುಖವಿರಲಿಲ್ಲ.

ಮೇ 9, ಶುಕ್ರವಾರ

ಟ್ಯಾಕ್ಸಿಯವರ ಮನೆ. ಎರಡನೆಯ ಮಹಡಿ, ಹಸಿರು ಬಣ್ಣದ ಬಾಗಿಲು. ಅವರ ಹೆಂಡತಿ ಬಾಗಿಲು ತೆರೆದು, "ಬಾಮ್ಮಾ, ಬಾ" ಅಂದರು. ಆ ಎರಡು ಸಲದ 'ಬಾ' ಇನ್ನೂ ಕಿವಿಯಲ್ಲಿದೆ. ಹೇಳಿ ಮುಗಿಸಿದ ಮೇಲೆ ಅವರು ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಟ್ಯಾಕ್ಸಿಯವರು ಗೋಡೆಯ ಕಡೆಯಿಂದ ತಿರುಗಿ ಕುಳಿತಿದ್ದರು. ಗಡ್ಡ ಬೆಳೆದಿತ್ತು.

"ಏನೂ ಕಾಣಲಿಲ್ವಾ?"

"ಇಲ್ಲ ಸರ್."

"ಒಂದು ಚುಕ್ಕಿ?"

"ಇಲ್ಲ."

"ಆ ಜೇನುಗೂಡು?"

"ಅದು ಬೇರೆಯವರದು."

ಅವರು ತೊಡೆಯ ಮೇಲೆ ಕೈಯಿಟ್ಟುಕೊಂಡು ಬೆರಳು ಮಡಚಿ ಬಿಡಿಸಿದರು. "ನಾನು ಆ ಜೇನುಗೂಡಿಗೆ ದಿನಾ ಕಾಯ್ತಿದ್ದೆ" ಅಂದರು.

ಹೆಂಡತಿ ಒಳಗಿನಿಂದ ಮಾತ್ರೆ ಮತ್ತು ನೀರಿನ ಲೋಟ ತಂದು ಅವರ ಕೈಗೆ ಕೊಟ್ಟರು. ನುಂಗುವವರೆಗೆ ನಿಂತಿದ್ದರು. ಆಮೇಲೆ ಹೋಗಿ ಹೊರಬಾಗಿಲನ್ನು ತೆರೆದು ಹಿಡಿದರು. ನಾನು ಇಳಿದು ಬಂದೆ.

ಮೇ 15, ಗುರುವಾರ

ಕೆಲಸವಿಲ್ಲ. ಪುಟ್ಟಿಗೆ ಪಾಠ ಹೇಳಿಕೊಡುತ್ತೇನೆ. ಅಕ್ಕ ದಿನಕ್ಕೊಂದು ಸಲ ಏನಾದರೂ ನೆವ ಮಾಡಿಕೊಂಡು ಅಮ್ಮ ಹಾಲಿನವನನ್ನು ಹೇಗೆ ಕೂಗುತ್ತಿದ್ದಳು, ಫೋನಿನಲ್ಲಿ ಹೇಗೆ ನಗುತ್ತಿದ್ದಳು ಎಂದು ಕೇಳುತ್ತಾಳೆ. ಹೇಳುತ್ತೇನೆ.

ಮೇ 19, ಸೋಮವಾರ

ಬೆಳಿಗ್ಗೆ ಟ್ಯಾಕ್ಸಿಯವರ ಫೋನು. "ಪೆನ್ನು, ಕಾಗದ ತಗೊಂಡು ಬಾ" ಅಂದು ಇಟ್ಟುಬಿಟ್ಟರು.

ಹೋದೆ. ಗಡ್ಡ ತೆಗೆದಿದ್ದರು. ಹೆಂಡತಿ ಕಿಟಕಿಯ ಹತ್ತಿರ, ಬೆಳಕಿಗೆ ಮುಖ ಕೊಟ್ಟು, ಮರದ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಬಂದದ್ದು ಗೊತ್ತಿದ್ದರೂ ನನ್ನ ಕಡೆ ನೋಡಲಿಲ್ಲ.

"ನಿನ್ನ ಮೇಲೆ ನನಗೆ ಸಿಟ್ಟು ಹೋಗಿಲ್ಲ" ಅಂದರು ಟ್ಯಾಕ್ಸಿಯವರು. "ಆದ್ರೆ ನಿನ್ನಿಂದ ಒಂದು ಕೆಲಸ ಆಗ್ಬೇಕು. ನನ್ನ ಕಣ್ಣಿಗೆ ಈಗ ಇವಳ ಮೂಗು ನೋಡಿದ್ರೆ ಕಿವಿ ಕಾಣಲ್ಲ, ಕಿವಿ ನೋಡಿದ್ರೆ ಮೂಗು ಕಾಣಲ್ಲ. ಇಡೀ ಮುಖ ಒಟ್ಟಿಗೆ ನೋಡಿ ಹೇಳೋರು ಬೇಕು. ಇವಳು ಹೇಗಿದಾಳೆ ಅಂತ ಬರಿ. ನಾನು ಬಾಯಿಪಾಠ ಮಾಡ್ತೀನಿ. ಊರಿನ ರಸ್ತೆಯೆಲ್ಲ ಹಾಗೇ ತಾನೇ ಮಾಡಿದ್ದು, ಒಂದನ್ನೂ ಕಣ್ಣು ಮುಚ್ಚಿ ಕಂಡವನಲ್ಲ. ಕಾಣದಿದ್ರೆ ಬೇಡ, ಗೊತ್ತಿದ್ರೆ ಸಾಕು."

"ಬೇರೆ ಯಾರನ್ನಾದ್ರೂ..."

"ಬೇರೆಯವರು ಚೆನ್ನಾಗಿದಾರೆ ಅಂತ ಬರೀತಾರೆ. ನೀನು ಒಂದ್ಸಲ ಸಿಕ್ಕಿಬಿದ್ದವಳು, ಇನ್ನು ಹುಷಾರಾಗಿರ್ತೀಯ."

ಕಿಟಕಿಯ ಕಡೆಯಿಂದ ಒಂದು ಉಸಿರು ಕೇಳಿಸಿತು, ನಗೆಯಲ್ಲ.

ನಾನು ಬರೆಯತೊಡಗಿದೆ. ಬರೆದದ್ದನ್ನು ಓದಿ ಹೇಳಬೇಕಿತ್ತು. "ಹುಬ್ಬುಗಳು ಬಾಗಿದ ಬಿಲ್ಲಿನ..."

"ಬಿಲ್ಲು ಬೇಡ. ಇವಳ ಮುಖದ ಮೇಲೆ ಬಿಲ್ಲು ಬಾಣ ಯಾಕೆ? ಹುಬ್ಬು ಹೇಗಿದೆ?"

ಹೊಡೆದು ಹಾಕಿ ಮತ್ತೆ ನೋಡಿದೆ. ಒಬ್ಬರ ಮುಖವನ್ನು ಇಷ್ಟು ಹೊತ್ತು ನಾನು ಎಂದೂ ನೋಡಿರಲಿಲ್ಲ. ಯಾರಾದರೂ ತಿರುಗಿ ನೋಡಿದರೆ ಕಣ್ಣು ಕೆಳಗೆ ಹಾಕುವವಳು. ಇವರು ತಿರುಗಿ ನೋಡಲೇ ಇಲ್ಲ.

"ಹುಬ್ಬು ತೆಳು. ಎಡಗಡೆಯದರ ನಡುವೆ ಒಂದು ಕಡೆ ಕೂದಲಿಲ್ಲ, ಅಕ್ಕಿ ಕಾಳಿನಷ್ಟು ಜಾಗ."

"ಬಿಸಿ ಎಣ್ಣೆ ಸಿಡಿದಿತ್ತು. ಮದುವೆಯಾದ ಹೊಸದರಲ್ಲಿ. ಹೂಂ."

"ಮೂಗಿನ ಎರಡೂ ಕಡೆಯಿಂದ ಬಾಯಿಯವರೆಗೆ ಗೆರೆ. ಎಡಗಡೆಯದು ಹೆಚ್ಚು ಆಳ. ಎಡಗೆನ್ನೆಯ ಮೇಲೆ, ಕಿವಿಯ ಹತ್ತಿರ, ಒಂದು ಸಣ್ಣ ಮಚ್ಚೆ. ಅದರಲ್ಲೊಂದು ಬಿಳಿ ಕೂದಲು."

"ಅದನ್ನ ಬರೀಬೇಕಾ?" ಅಂದರು ಹೆಂಡತಿ, ಕಿಟಕಿಗೆ.

"ಬರೀಲಿ ಬಿಡೇ. ನನಗೆ ಗೊತ್ತೇ ಇರಲಿಲ್ಲ. ಯಾವಾಗ ಬಂತು ಅದು?"

"ನೀವು ಯಾವಾಗ ನೋಡಿದ್ರಿ!"

ಪೆನ್ನು ಬಾಯಿಯ ಹತ್ತಿರಕ್ಕೆ ಬಂದಾಗ ನಿಂತಿತು. "ಮುಂದೆ?" ಅಂದರು ಅವರು.

"ಸರ್, ಇವರಿಗೆ ನನ್ನ ಮೇಲೆ ಕೋಪ ಇದೆ. ಅದು ಮುಖದ ಮೇಲಿದೆ. ಅದನ್ನ ಬಿಟ್ಟು ಬರೆಯೋಕೆ ಆಗ್ತಿಲ್ಲ."

"ಬಿಡೋದು ಯಾಕೆ? ಎಲ್ಲಿದೆ ಅದು, ಹೇಳು."

ನನ್ನ ಮುಖ ಸುಡುತ್ತಿತ್ತು. ಆದರೂ ನೋಡಿದೆ. "ಕೆಳತುಟಿಯನ್ನ ಒಳಕ್ಕೆ ಎಳ್ಕೊಂಡಿದಾರೆ. ಅದಕ್ಕೆ ಗದ್ದದ ಮೇಲೆ ಸಣ್ಣ ಸಣ್ಣ ಗುಳಿ ಎದ್ದಿವೆ. ಮೂಗಿನ ಹೊಳ್ಳೆ ಬಲಗಡೆಯದು ಮಾತ್ರ ಸ್ವಲ್ಪ ಅರಳಿದೆ. ಕಣ್ಣು ಮಿಟುಕಿಸ್ತಿಲ್ಲ."

ಟ್ಯಾಕ್ಸಿಯವರು ತೊಡೆ ತಟ್ಟಿದರು. "ಅದೇ! ಬಲಗಡೆ ಹೊಳ್ಳೆ! ಅದೇ ಇವಳು! ಬರ್ಕೋ, ಬರ್ಕೋ!" ನಗುತ್ತಿದ್ದರು. ನಗುತ್ತ ನಗುತ್ತ ತೋಳಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದು, ಮೊದಲಿಂದ" ಅಂದರು.

ಓದಿದೆ. ಅವರು ನನ್ನ ಹಿಂದೆಯೇ ಒಂದೊಂದು ಮಾತನ್ನೂ ಮೆಲ್ಲಗೆ ಹೇಳಿಕೊಳ್ಳುತ್ತ ಬಂದರು.

ಆಗ ಹೆಂಡತಿ ಮುಖ ತಿರುಗಿಸಿ ನೆಟ್ಟಗೆ ನನ್ನನ್ನೇ ನೋಡಿದರು. "ಈ ಕೋಪದ ಮುಖ ಒಂದೇ ಬರ್ಕೊಂಡು ಹೋದ್ರೆ ಇವರ ಪಾಲಿಗೆ ಕೊನೇವರೆಗೂ ನಾನು ಹೀಗೇ ಇರ್ತೀನಿ. ಅದು ಆಗದು. ಕೋಪ ಇಲ್ಲದ ದಿನವೂ ಬಂದು ಬರೀಬೇಕು ನೀನು." "ಯಾವತ್ತು ಅಂತ ನಾನು ಹೇಳಲ್ಲ" ಅಂದರು.

"ಹಾಗಾದ್ರೆ ದಿನಾ ಬಂದು ನೋಡ್ಕೊಂಡು ಹೋಗ್ಬೇಕಾಗುತ್ತೆ ಪಾಪ" ಅಂದರು ಟ್ಯಾಕ್ಸಿಯವರು.

"ಬರಲಿ. ಮಾಡಿದ್ದಕ್ಕೆ ಅಷ್ಟಾದ್ರೂ ಮಾಡಲಿ."

ನಾಳೆ ಹತ್ತು ಗಂಟೆಗೆ ಹೋಗಬೇಕು. ಬಲಗೆನ್ನೆ ಇನ್ನೂ ಆಗಿಲ್ಲ.